ಓಯಿ ಮರಿಗೆ ಕಾಲು ತಾಗಿದ್ದು

ನ್ಯೂಜಿಲೆಂಡಿಗೆ ಹೋಗಿಬಂದೆ ಎಂದರೆ ನಮ್ಮ ಬೀದಿಯವರು ಮೊದಲು ಕುರಿಗಳ ಸಮಾಚಾರ ಕೇಳುತ್ತಾರೆ, ಆಮೇಲೆ ಚಳಿಯದು. ಕುರಿಗಳನ್ನು ಕಾರಿನ ಕಿಟಕಿಯಿಂದ ಬೇಕಾದಷ್ಟು ನೋಡಿದೆ. ನಮ್ಮವಕ್ಕಿಂತ ದಪ್ಪ, ಮೈತುಂಬ ಉಣ್ಣೆ, ಅಷ್ಟೇ. ನಾನು ಹೇಳಬೇಕೆಂದಿರುವುದು ಒಂದು ಪುಟ್ಟ ದ್ವೀಪದ ಸಂಗತಿ. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಕೂರಲು ಒಂದು ಬೆಂಚೂ ಇಲ್ಲ. ನಮ್ಮ ಕುಕ್ಕರಹಳ್ಳಿ ಕೆರೆಯಲ್ಲಿ ತಂದು ಇಟ್ಟರೆ ಸುತ್ತ ದೋಣಿ ಬಿಡಲು ಇನ್ನೂ ಜಾಗ ಉಳಿಯುವಷ್ಟು ಚಿಕ್ಕದು. ಅದರ ಹೆಸರನ್ನು ಬರೆಯುವುದಿಲ್ಲ. ಜನ ಬರದೇ ಇರುವುದೇ ಆ ದ್ವೀಪದ ಆಸ್ತಿ, ಹೆಸರು ಹೇಳಬೇಡ ಎಂದು ನನ್ನ ತಂಗಿ ಕೈಮೇಲೆ ಕೈ ಇಟ್ಟು ಮಾತು ತೆಗೆದುಕೊಂಡಿದ್ದಾಳೆ.

ಏವನ್‌ಡೇಲ್

ತಂಗಿ ಸುಮಾ ಮೈಸೂರಿನಲ್ಲಿ ನರ್ಸಿಂಗ್ ಓದಿ, ಇಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಆಕ್ಲೆಂಡಿಗೆ ಹೋದವಳು. ಏವನ್‌ಡೇಲ್‌ನಲ್ಲಿ ಮನೆ. ಅವಳ ಗಂಡ ಪೆನ್‌ರೋಸ್ ಕಡೆ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಈ ಕಥೆಯಲ್ಲಿ ಅವರಿಗೆ ಪಾತ್ರವಿಲ್ಲ, ಏಕೆಂದರೆ ದೋಣಿಯ ಹೆಸರು ಎತ್ತಿದರೇ ಅವರಿಗೆ ಹೊಟ್ಟೆ ತೊಳಸುತ್ತದೆ.

ನಾನು ಸರಸ್ವತಿಪುರಂನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುವವಳು. ಊರು ನೋಡುವುದಕ್ಕಿಂತ ಊರಿನವರ ಬಟ್ಟೆ ನೋಡುವುದು ನನ್ನ ಚಾಳಿ. ಭಾನುವಾರದ ಸಂತೆಯಲ್ಲಿ ಹರಿದ ಚಡ್ಡಿ, ಬರಿಗಾಲಿನ ದೊಡ್ಡ ಮನುಷ್ಯರನ್ನು ಕಂಡು ಪಾಪ ಬಡವರಿರಬೇಕು ಎಂದುಕೊಂಡೆ. ಆಮೇಲೆ ಅವರು ಏರಿದ ಕಾರು ನೋಡಿ ಬಾಯಿ ಮುಚ್ಚಿಕೊಂಡೆ. ಆ ದೇಶದಲ್ಲಿ ಬರಿಗಾಲಿನಲ್ಲಿ ಅಂಗಡಿಗೆ ಹೋಗುವುದು ಶೋಕಿಯೂ ಅಲ್ಲ, ಬಡತನವೂ ಅಲ್ಲ, ಸುಮ್ಮನೆ ಒಂದು ಅಭ್ಯಾಸ. ದೇವಸ್ಥಾನದ ಹೊರಗೂ ಚಪ್ಪಲಿಯಿಲ್ಲದೆ ನಡೆಯುವ ಜನರನ್ನು ಕಂಡು ನನಗೆ ಒಂಥರಾ ಗೌರವ ಬಂತು.

ಸುಮಾಳ ಮನೆಯಲ್ಲಿ ಒಂದು ವಿಚಿತ್ರ ಗಮನಿಸಿದೆ. ಅಡುಗೆಮನೆಯ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಒಂದು ಹಕ್ಕಿಯ ಚಿತ್ರ. ಬೂದು ಮುಖ, ಕಪ್ಪು ಮೈ, ಕೊಕ್ಕಿನ ಮೇಲೆ ಎರಡು ಪುಟ್ಟ ಕೊಳವೆ. ನೋಡಲು ಅಂಥ ಚಂದವೇನಿಲ್ಲ.

"ಇದ್ಯಾವ ಕಾಗೆಯೇ?" ಎಂದೆ.

"ಕಾಗೆ ಅಲ್ಲ ಕಣಕ್ಕ, ಓಯಿ. ಸಮುದ್ರದ ಹಕ್ಕಿ. ಶನಿವಾರ ನಿನ್ನ ಕರ್ಕೊಂಡ್ ಹೋಗ್ತೀನಿ, ಒಂದು ವಸ್ತು ತೋರಿಸ್ಬೇಕು. ಈಗ್ಲೇ ಕೇಳ್ಬೇಡ."

ಏನು ವಸ್ತು ಎಂದು ಮೂರು ದಿನ ಪೀಡಿಸಿದರೂ ಬಾಯಿ ಬಿಡಲಿಲ್ಲ. ಚಿಕ್ಕವಳಿದ್ದಾಗಲೂ ಅವಳು ಹೀಗೆಯೇ, ಪೆಪ್ಪರಮಿಂಟನ್ನು ಮುಷ್ಟಿಯಲ್ಲಿ ಕರಗಿಸಿಯಾಳೇ ಹೊರತು ಬೇಗ ತೆರೆದು ತೋರಿಸುವವಳಲ್ಲ.

ದೋಣಿ ಹತ್ತುವ ಮೊದಲು

ದೋಣಿಕಟ್ಟೆಯಲ್ಲಿ ನಮಗಾಗಿ ಮೆರೆ ಕಾಯುತ್ತಿದ್ದಳು. ನಲವತ್ತರ ಆಸುಪಾಸಿನ ಮಾವೊರಿ, ಅಂದರೆ ಆ ನಾಡಿನ ಮೂಲನಿವಾಸಿ ಹೆಂಗಸು, ಭುಜ ಅಗಲ, ನಗು ಅದಕ್ಕಿಂತ ಅಗಲ. ಆ ದ್ವೀಪ ಅವಳ ಕುಲದವರದು. ದೋಣಿ ನಡೆಸುವುದು, ಕಾವಲು ಕಾಯುವುದು, ಬಂದವರಿಗೆ ಗದರುವುದು ಎಲ್ಲ ಅವಳೇ. ನನ್ನನ್ನು ಕಂಡವಳೇ "ಆಂಟಿ" ಎಂದು ಅಪ್ಪಿಕೊಂಡಳು. ಮೈಸೂರಿನಲ್ಲಿ ಆಟೋದವರು ಆಂಟಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವಳ ಬಾಯಲ್ಲಿ ಸಿಟ್ಟು ಬರಲಿಲ್ಲ. ಅವರಲ್ಲೂ ಹಿರಿಯ ಹೆಂಗಸರನ್ನೆಲ್ಲ ಆಂಟಿ ಎಂದೇ ಕರೆಯುವುದಂತೆ. ಸಂಬಂಧವಿಲ್ಲದವರನ್ನು ಸಂಬಂಧಿಕರನ್ನಾಗಿ ಮಾಡಿಕೊಳ್ಳುವುದು ನಾವಷ್ಟೇ ಅಲ್ಲ ಎಂದು ಆಗ ಗೊತ್ತಾಯಿತು.

ಅಪ್ಪುಗೆ ಮುಗಿಯುತ್ತಿದ್ದಂತೆ ಪರೀಕ್ಷೆ ಶುರುವಾಯಿತು. ಒಂದು ಮುಚ್ಚಿದ ಕೋಣೆಯಲ್ಲಿ ಬಿಳಿ ಮೇಜಿನ ಮೇಲೆ ನಮ್ಮ ಚೀಲಗಳನ್ನೆಲ್ಲ ಬೋರಲು ಹಾಕಿಸಿದಳು. ಶೂಗಳ ತಳವನ್ನು ಬ್ರಷ್ಷಿನಿಂದ ಉಜ್ಜಿಸಿ ಔಷಧಿ ಹೊಡೆಸಿದಳು. ಕಾಲುಚೀಲ ತಿರುವಿ ನೋಡಿದಳು. ನಮ್ಮ ಮನೆಗೆ ಹೆಣ್ಣು ನೋಡಲು ಬಂದವರೂ ಇಷ್ಟು ನೋಡಿರಲಿಲ್ಲ. ಒಂದು ಹುಲ್ಲಿನ ಬೀಜ, ಒಂದು ಇರುವೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಇಲಿ ಆ ಕಡೆ ದಾಟಬಾರದು. ಹಿಂದೆ ಹಡಗುಗಳಲ್ಲಿ ಬಂದ ಇಲಿಗಳು ದ್ವೀಪದ ಹಕ್ಕಿಗಳ ಮೊಟ್ಟೆ, ಮರಿ ಎಲ್ಲವನ್ನೂ ತಿಂದು ಮುಗಿಸಿದ್ದವಂತೆ. ವರ್ಷಗಟ್ಟಲೆ ಒದ್ದಾಡಿ ಆ ಇಲಿಗಳನ್ನು ನಿರ್ನಾಮ ಮಾಡಿದ್ದಾರೆ. ಒಂದು ಬಸುರಿ ಇಲಿ ದಾಟಿದರೆ ಸಾಕು, ಪುನಃ ಮೊದಲಿನಿಂದ.

"ಗಣಪತಿ ವಾಹನಕ್ಕೇ ಪ್ರವೇಶ ಇಲ್ವೇನೇ?" ಎಂದೆ.

"ಗಣಪತಿ ಬೇಕಾದ್ರೆ ಬರ್ಲಿ. ವಾಹನ ಕಾರ್ ಪಾರ್ಕಲ್ಲಿ ಬಿಟ್ಟು ಬರ್ಬೇಕು," ಎಂದಳು ಸುಮಾ.

ಅಷ್ಟರಲ್ಲಿ ಮೆರೆ ನನ್ನ ಕೈಚೀಲದ ಒಳಹೊಲಿಗೆಯಿಂದ ಚಿಮಟದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು. ಎಳ್ಳು. ಹೋದ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ಬೀರಲು ಒಯ್ದಿದ್ದ ಚೀಲ ಅದು. ಒಂದಾದ ಮೇಲೆ ಒಂದು ಬರುತ್ತಲೇ ಇದ್ದವು. ಹೊಲಿಗೆಯವಳ ಚೀಲದ ಹೊಲಿಗೆಯೇ ಬಿಟ್ಟುಕೊಂಡಿದೆ ಎಂದು ಸುಮಾ ನಕ್ಕಳು, ನನಗೆ ನಾಚಿಕೆಯಾಯಿತು. ಚೀಲ ದಡದಲ್ಲೇ ಉಳಿಯಿತು. ನಮ್ಮ ಚಪಾತಿ, ಹೆಸರುಬೇಳೆ ಉಸಲಿ ಬಿಗಿ ಮುಚ್ಚಳದ ಬಕೆಟ್ಟು ಸೇರಿದವು.

ದಡ

ಸಮುದ್ರ ಅಂದು ಬಾವಿಯ ನೀರಿನ ಹಾಗೆ ಸುಮ್ಮನಿತ್ತು. ಅಲ್ಲಿಯ ನೀಲಿಯನ್ನು ನಾನು ಯಾವ ಸೀರೆ ಅಂಗಡಿಯಲ್ಲೂ ಕಂಡಿಲ್ಲ, ನವಿಲುಕತ್ತಿನ ಬಣ್ಣಕ್ಕೆ ಹತ್ತಿರ ಎನ್ನಬಹುದೇನೋ. ದ್ವೀಪ ಮೊದಲು ಒಂದು ಕಪ್ಪು ಗುಡ್ಡೆ, ಸ್ವಲ್ಪ ಹೊತ್ತಿಗೆ ಹಸಿರು, ಇನ್ನೂ ಹತ್ತಿರವಾದಾಗ ಅದರ ಅಂಚೆಲ್ಲ ಕೆಂಪು. ಡಿಸೆಂಬರ್ ಅಲ್ಲಿ ಬೇಸಿಗೆಯ ಆರಂಭ. ಪೊಹುಟುಕಾವಾ ಎಂಬ ಮರಗಳು ಬಂಡೆಯ ಅಂಚಿಗೆ ಜೋತುಬಿದ್ದು ಮೈತುಂಬ ಹೂಬಿಡುವ ಕಾಲ. ಹೂವಿಗೆ ಎಸಳೇ ಇಲ್ಲ, ಬರೀ ಕೆಂಪು ದಾರಗಳ ಕುಚ್ಚು. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ನಮ್ಮ ಹುಡುಗಿಯರಿಗೆ ತೋರಿಸಬೇಕಿತ್ತು ಅನ್ನಿಸಿತು.

ಕಾಲಿಡುವ ಮೊದಲು ಮೆರೆ ದೋಣಿಯಲ್ಲೇ ನಿಂತು ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಹೇಳಿದಳು. ಬಳಿಕ ದಿಬ್ಬದ ಮೇಲಿನ ಒಂದು ಭಾರೀ ಮರದ ಕಡೆ ಕೈ ತೋರಿಸಿ, ಅದು ತಮ್ಮ ಅಜ್ಜಿಯ ಅಜ್ಜಿಯ ಕಾಲದಿಂದಲೂ ಇರುವ ಮರ, ದ್ವೀಪಕ್ಕೆ ಬಂದವರು ಮೊದಲು ಅದಕ್ಕೆ ನಮಸ್ಕಾರ ಹೇಳುವುದು ಪದ್ಧತಿ ಎಂದಳು. ನಾವೂ ಕೈಮುಗಿದೆವು. ನಂಜನಗೂಡಿಗೆ ಹೋದಾಗ ದೂರದಿಂದ ಗೋಪುರ ಕಂಡ ಕೂಡಲೇ ಕೈ ಎತ್ತುತ್ತೇವಲ್ಲ, ಹಾಗೆ ನನ್ನ ಕೈ ತಾನಾಗಿ ಎದ್ದಿತ್ತು.

ದ್ವೀಪದೊಳಗೆ ಕಾಲುಹಾದಿ ಎಂದರೆ ಹಲಗೆಗಳ ಸಾಲು. ಅದರ ಮೇಲೇ ನಡೆಯಬೇಕು. ಎರಡು ಕಡೆಯಲ್ಲೂ ಜರಿಗಿಡಗಳು. ಅಂಗೈಯಷ್ಟು ಹಕ್ಕಿಯೊಂದು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿ ನನ್ನ ಹಿಂದೆಯೇ ಬಂತು. ನನ್ನ ಮೇಲಿನ ಪ್ರೀತಿಯಿಂದಲ್ಲ, ನಾನು ನಡೆದಾಗ ಏಳುವ ಹುಳು ಹಿಡಿಯಲು ಎಂದು ಸುಮಾ ಹೇಳಿದಳು. ನನ್ನಿಂದ ಯಾರಿಗಾದರೂ ಒಂದು ಹೊತ್ತಿನ ಊಟವಾಗುತ್ತಿದೆಯಲ್ಲ ಎಂದು ಬೀಗಿದೆ. ಕೊರಳಿನಲ್ಲಿ ಬಿಳಿ ಗೊಂಡೆ ಸಿಕ್ಕಿಸಿಕೊಂಡ ಟುಯಿ ಎಂಬ ಹಕ್ಕಿ ಹೂವಿನೊಳಗೆ ತಲೆ ತೂರಿಸಿ ಮಧ್ಯೆ ಮಧ್ಯೆ ಕೆಮ್ಮಿದಂತೆ, ಬೀಗದ ಕೈ ತಿರುಗಿಸಿದಂತೆ ಹಾಡುತ್ತಿತ್ತು. ಒಂದು ಹಕ್ಕಿಗೂ ಮನುಷ್ಯರ ಭಯವಿಲ್ಲ. ನಮ್ಮೂರಲ್ಲಿ ನಾನು ಅಂಗಳಕ್ಕೆ ಬಂದರೆ ಗುಬ್ಬಚ್ಚಿಯೂ ಹಾರಿಹೋಗುತ್ತಿತ್ತು. ಈಗ ಹಾರಿಹೋಗಲು ಗುಬ್ಬಚ್ಚಿಯೇ ಇಲ್ಲ. ಆ ಹಲಗೆಯ ಮೇಲೆ ನಿಂತು ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ದೊಡ್ಡ ಮರದ ಹತ್ತಿರ ಹಲಗೆ ಮುಗಿಯಿತು. ಮೆರೆ ಇಲಿಬೋನುಗಳನ್ನು ನೋಡಲು ದಡದ ಉದ್ದಕ್ಕೂ ಹೋದಳು.

"ಅಕ್ಕ, ಇಲ್ಲೇ ಕೂತಿರು. ಹಲಗೆ ಬಿಟ್ಟು ಇಳೀಬೇಡ. ನಾನು ಆ ಕಡೆ ಶೆಡ್ಡಿಂದ ಟಾರ್ಚು, ಕನ್ನಡಿ ತರ್ತೀನಿ. ಆಮೇಲೆ ತೋರಿಸ್ತೀನಿ," ಎಂದು ಸುಮಾ ಹೊರಟಳು.

ಮರದ ಬುಡ

ನಾನು ಕೂತೆ, ನಿಜ. ಆದರೆ ಎಷ್ಟು ಹೊತ್ತು ಕೂರುವುದು? ಎದುರಿಗೆ ಆ ಮರ. ಆನೆಯ ಕಾಲುಗಳಂಥ ಬೇರುಗಳು, ನೆಲದ ತುಂಬ ಉದುರಿದ ಕೆಂಪು ದಾರಗಳು. ಕೆಳಗಿನ ಕೊಂಬೆಗೂ ಬೇರಿನ ಪಕ್ಕದ ಗೂಟಗಳಿಗೂ ಯಾರೋ ಗುಲಾಬಿ ಬಣ್ಣದ ಪಟ್ಟಿಗಳನ್ನು ಕಟ್ಟಿದ್ದರು. ಅವು ಗಾಳಿಗೆ ಪಟಪಟ ಅನ್ನುತ್ತಿದ್ದವು.

ನಮ್ಮ ಕಡೆಯವರಿಗೆ ಅದನ್ನು ನೋಡಿದರೆ ಏನನ್ನಿಸುತ್ತದೆ, ಹೇಳಿ. ಹಿರಿಯರ ಕಾಲದ ಮರ, ಬಂದವರು ನಮಸ್ಕಾರ ಮಾಡುವ ಮರ, ಮೇಲೆ ಕಟ್ಟಿದ ಪಟ್ಟಿಗಳು. ಅಶ್ವತ್ಥಕಟ್ಟೆಗೆ ಹರಕೆಯ ದಾರ ಸುತ್ತಿದ ಹಾಗೆ ಇವರೂ ಹರಕೆ ಕಟ್ಟಿಕೊಂಡಿದ್ದಾರೆ ಎಂದುಕೊಂಡೆ. ಅಷ್ಟು ದೂರ ಬಂದು ಬರೀ ಕೈಮುಗಿದು ಹೋಗುವುದು ಸರಿಯೆನ್ನಿಸಲಿಲ್ಲ. ಹಲಗೆ ಬಿಟ್ಟು ಇಳಿಯಬೇಡ ಎಂದಿದ್ದು ಶೂ ಕೊಳೆಯಾಗುತ್ತದೆಂದು ಇರಬೇಕು, ಶೂ ಬಿಚ್ಚಿಯೇ ಇಳಿದರಾಯಿತು ಎಂಬ ಬುದ್ಧಿವಂತಿಕೆಯೂ ಹೊಳೆಯಿತು. ಬರಿಗಾಲಿನಲ್ಲಿ ಇಳಿದು, ಬಲಗಡೆಯಿಂದ ಪ್ರದಕ್ಷಿಣೆ ಹೊರಟೆ.

ಮೊದಲನೇ ಸುತ್ತು ಸರಿಯಾಗಿಯೇ ಆಯಿತು. ನೆಲ ಹತ್ತಿ ತುಂಬಿದ ಹಾಸಿಗೆಯಂತೆ ಮೆತ್ತಗಿತ್ತು. ಎರಡನೆಯದರಲ್ಲಿ, ಎರಡು ಬೇರುಗಳ ನಡುವೆ, ನನ್ನ ಬಲಗಾಲು ಮೊಣಕಾಲಿನವರೆಗೆ ನೆಲದೊಳಗೆ ಹೋಯಿತು. ಮರದ ಕಾಂಡವನ್ನು ತಬ್ಬಿಕೊಂಡೆ. ಒಳಗೆ ಪೊಳ್ಳು. ನನ್ನ ಬೆರಳುಗಳಿಗೆ ಬೆಚ್ಚಗಿನದು, ತುಂಬ ಮೆತ್ತನೆಯದು ಏನೋ ತಾಗಿತು. ಅದು ಒಂದು ಸಲ ಮಿಸುಕಿತು, ಆಮೇಲೆ ಮಿಸುಕಲಿಲ್ಲ.

"ಸುಮಾ," ಎಂದು ಕೂಗಿದೆ.

ಅವಳು ಓಡಿಬಂದವಳು ಪಟ್ಟಿ ಕಟ್ಟಿದ ಗೂಟದ ಹತ್ತಿರ ಗಕ್ಕನೆ ನಿಂತಳು. ಕೈಯಲ್ಲಿದ್ದ ಟಾರ್ಚು ಹಾಗೇ ಇತ್ತು. ಅವಳ ಮುಖ ನೋಡಿದ ಮೇಲೆ ನಾನು ಏನೋ ದೊಡ್ಡ ತಪ್ಪು ಮಾಡಿದ್ದೇನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಅಕ್ಕ, ಅಲ್ಲಾಡ್ಬೇಡ. ಕಾಲು ಎಳೀಬೇಡ. ಎಳೆದ್ರೆ ಮಣ್ಣೆಲ್ಲ ಅದರ ಮೇಲೆ ಬೀಳತ್ತೆ."

"ಏನದು?"

"ಓಯಿ ಮರಿ."

ಆ ಪಟ್ಟಿಗಳು ಹರಕೆಯವಲ್ಲ, ಇಲ್ಲಿ ಕಾಲಿಡಬೇಡಿ ಎಂಬ ಗುರುತು. ಓಯಿ ಹಕ್ಕಿಗಳು ಗೂಡು ಕಟ್ಟುವುದು ಮರದ ಮೇಲಲ್ಲ, ನೆಲದೊಳಗೆ, ಕೈಯುದ್ದದ ಬಿಲದಲ್ಲಿ. ಇಲಿಗಳು ಹೋದ ಮೇಲೂ ಅವು ವಾಪಸು ಬರಲಿಲ್ಲವಂತೆ. ಇವರು ಅವುಗಳ ಕೂಗನ್ನು ಮುದ್ರಿಸಿ ಸ್ಪೀಕರಿನಲ್ಲಿ ಸಮುದ್ರದ ಕಡೆ ಹಾಕಿ, ಬನ್ನಿ ಬನ್ನಿ ಎಂದು ಕರೆದರು. ಆಸ್ಪತ್ರೆಯ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲೇ ಸುಮಾ ಈ ದ್ವೀಪಕ್ಕೆ ಆರು ವರ್ಷಗಳಿಂದ ಬರುತ್ತಿದ್ದಾಳೆ. ಕೊನೆಗೊಂದು ಜೋಡಿ ಬಂತು. ಎರಡು ವರ್ಷ ಮೊಟ್ಟೆ ಕೆಟ್ಟಿತು. ಈ ಸಲ ಒಡೆಯಿತು. ದ್ವೀಪದ ಮೊದಲನೇ ಮರಿ, ಇಡೀ ದ್ವೀಪಕ್ಕೆ ಒಂದೇ ಒಂದು. ಅದನ್ನೇ ನನಗೆ ತೋರಿಸಲು ಅವಳು ಮುಷ್ಟಿ ಬಿಗಿಹಿಡಿದು ಕರೆತಂದಿದ್ದಳು. ನಾನು ಅದರ ಸೂರನ್ನೇ ತುಳಿದೆ.

ಮೆರೆ ಬಂದಳು. ಒಂದು ಮಾತೂ ಗದರಲಿಲ್ಲ. ಅಗಲವಾದ ಹಲಗೆಯೊಂದನ್ನು ಬೇರಿನಿಂದ ಬೇರಿಗೆ ಅಡ್ಡಹಾಕಿ, "ಆಂಟಿ, ನಿಧಾನಕ್ಕೆ ಇದರ ಮೇಲೆ ಕೂರಿ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಭಾರ ಹಲಗೆಗೆ ಹೋಯಿತು. ಸುಮಾ ನನ್ನ ಕಾಲಿನ ಸುತ್ತ ಎರಡೂ ಅಂಗೈಗಳನ್ನು ಗೋಡೆಯಂತೆ ಒತ್ತಿ ಹಿಡಿದಳು. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ಕೈ ಅದು. ನಾನು ಕಾಲನ್ನು ಒಂದೊಂದೇ ಬೆರಳಗಲ ಮೇಲಕ್ಕೆ ಎತ್ತಿದೆ. ಕಾಲು ಹೊರಗೆ ಬಂತು, ಅದರ ಹಿಂದೆಯೇ ಒಂದು ಬೊಗಸೆ ಮಣ್ಣು ಒಳಗೆ ಜಾರಿತು.

ಸುಮಾ ಹಲಗೆಯ ಮೇಲೆ ಬೋರಲು ಮಲಗಿ ಭುಜದವರೆಗೆ ಕೈ ಇಳಿಸಿದಳು. ಹಿಡಿ ಹಿಡಿ ಮಣ್ಣು ತೆಗೆದು ಮೆರೆಯ ಕೈಗೆ ಕೊಟ್ಟಳು. ಕೆನ್ನೆ ನೆಲಕ್ಕೆ ಒತ್ತಿತ್ತು, ಕೆಂಪು ದಾರಗಳು ಕೂದಲಿಗೆ ಅಂಟಿದ್ದವು, ಕಣ್ಣು ನನ್ನ ಕಡೆಗೇ ಇದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಬೀಸಣಿಗೆ ಬಾಲದ ಹಕ್ಕಿ ಅಲ್ಲಿಯೂ ಬಂದು ಅಗೆದ ಮಣ್ಣಿನ ಮೇಲೆ ಕುಣಿಯತೊಡಗಿತು. ನಾನು ನಂಜುಂಡೇಶ್ವರನನ್ನು ಕರೆದೆ. ಅವನಿಗೆ ಅಷ್ಟು ದೂರ ಕೇಳಿಸುತ್ತದೋ ಇಲ್ಲವೋ ಎಂದು ಆ ಮರವನ್ನೂ ಬೇಡಿಕೊಂಡೆ. ಒಂದು ಹಕ್ಕಿಮರಿಗಾಗಿ ನಾನು ಹೀಗೆ ಅಳುತ್ತೇನೆಂದು ಯಾರಾದರೂ ಹಿಂದಿನ ದಿನ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

"ಸಿಕ್ತು," ಎಂದಳು ಸುಮಾ.

"ಜೀವ ಇದೆಯೇನೇ?"

ಅವಳ ತೋಳು ಸಣ್ಣಗೆ ಅಲ್ಲಾಡುತ್ತಿತ್ತು, ಒಳಗೆ ಬೆರಳಿನಿಂದ ಏನನ್ನೋ ಒರೆಸುತ್ತಿದ್ದಳು. ಹುಟ್ಟಿದ ಮಗು ಅಳದಿದ್ದರೆ ಮೊದಲು ಮೂಗು ಬಾಯಿ ಒರೆಸುತ್ತೇವೆ ಎಂದು ಅವಳೇ ಎಂದೋ ಹೇಳಿದ್ದು ನೆನಪಾಯಿತು. ಆಮೇಲೆ ಅವಳು ಥಟ್ಟನೆ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು.

"ಕಚ್ತು ಕಣಕ್ಕ," ಎಂದಳು. "ಚೆನ್ನಾಗಿ ಕಚ್ತು."

ಕೈ ಹೊರಗೆ ತೆಗೆದಾಗ ಬೆರಳಿನಲ್ಲಿ ರಕ್ತ, ಮೊಣಕೈವರೆಗೆ ಕಿತ್ತಳೆ ಬಣ್ಣದ ಎಣ್ಣೆ. ಓಯಿ ಮರಿಗೆ ಸಿಟ್ಟು ಬಂದರೆ ಹೊಟ್ಟೆಯಲ್ಲಿರುವ ಮೀನೆಣ್ಣೆಯನ್ನು ಎದುರಿನವರ ಮೇಲೆ ಕಾರುತ್ತದಂತೆ. ವಾಸನೆ ಎಂದರೆ, ಮೂರು ದಿನ ಕರೆಂಟಿಲ್ಲದ ಮೀನಂಗಡಿ. ಹುಟ್ಟಿದಾಗಿನಿಂದ ಮೀನಿನ ಬೀದಿಯಲ್ಲಿ ಮೂಗು ಮುಚ್ಚಿಕೊಂಡೇ ನಡೆದ ನಾನು ಆ ಕೈಯನ್ನು ಹಿಡಿದು ನನ್ನ ದುಪಟ್ಟದಿಂದ ಒರೆಸಿದೆ.

ನಾನು ಮರಿಯನ್ನು ನೋಡಲಿಲ್ಲ. ಇನ್ನು ಅದಕ್ಕೆ ತೊಂದರೆ ಕೊಡುವುದು ಬೇಡ ಎಂದಳು ಮೆರೆ. ಮುರಿದ ಸೂರಿಗೆ ಒಂದು ಪ್ಲೈವುಡ್ ತುಂಡು ಇಟ್ಟು, ಮೇಲೆ ಮಣ್ಣು, ಅದರ ಮೇಲೆ ಉದುರಿದ ಹೂ ಹರಡಿದರು. ಹೊಲಿಗೆಯವಳ ಕಣ್ಣಿಗೂ ತೇಪೆ ಗೊತ್ತಾಗದಷ್ಟು ಚೆನ್ನಾಗಿ ಹಾಕಿದರು. ಕೊನೆಗೆ ಬಿಲದ ಬಾಯಿಗೆ ಸಣ್ಣ ಕಡ್ಡಿಗಳನ್ನು ಬೇಲಿಯಂತೆ ಚುಚ್ಚಿದರು. ತಂದೆ ತಾಯಿ ದಿನಗಟ್ಟಲೆ ಸಮುದ್ರದಲ್ಲಿದ್ದು, ಕತ್ತಲಾದ ಮೇಲೆ ಬಂದು ಉಣಿಸಿ ಹೋಗುತ್ತವೆ. ಬಂದರೆ ಕಡ್ಡಿ ಬೀಳುತ್ತದೆ. ಮುರಿದ ಮನೆಯನ್ನು ಗುರುತು ಹಿಡಿದು ಬರುತ್ತವೋ, ಹೆದರಿ ಬಿಟ್ಟುಬಿಡುತ್ತವೋ, ಅದೇ ಈಗಿನ ಪ್ರಶ್ನೆ.

ವಾಪಸು ದೋಣಿ

ಬಕೆಟ್ಟಿನ ಚಪಾತಿ ಹಾಗೇ ವಾಪಸು ಬಂತು. ಸುಮಾ ದೋಣಿಯ ಹಿಂಬದಿಯಲ್ಲಿ ದ್ವೀಪದ ಕಡೆ ಮುಖ ಮಾಡಿ ಕೂತಿದ್ದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನೇ ಹತ್ತಿರ ಹೋಗಿ ಕೂತೆ.

"ಕಾಲು ತಾಗಿತು ಕಣೇ," ಎಂದೆ. "ಪುಸ್ತಕಕ್ಕೆ ಕಾಲು ತಾಗಿದ್ರೂ ಮುಟ್ಟಿ ಕಣ್ಣಿಗೊತ್ಕೋತೀವಿ. ಅದಕ್ಕೆ ಅಷ್ಟೂ ಮಾಡೋಕೆ ಆಗ್ಲಿಲ್ಲ ನನ್ನ ಕೈಲಿ."

ಅವಳು ದ್ವೀಪದ ಕಡೆಯಿಂದ ಮುಖ ತಿರುಗಿಸಿದಳು. "ತಪ್ಪು ನಂದೂ ಇದೆ. ಮೊದಲೇ ಹೇಳಿದ್ರೆ ನೀನು ಇಳೀತಿರ್ಲಿಲ್ಲ," ಎಂದಳು. ಆಮೇಲೆ ಬ್ಯಾಂಡೇಜು ಸುತ್ತಿದ ಬೆರಳನ್ನೇ ನೋಡುತ್ತ, "ಆರು ವರ್ಷದಿಂದ ಬರ್ತಿದೀನಿ, ಇವತ್ತೇ ಮೊದಲು ಅದನ್ನ ಮುಟ್ಟಿದ್ದು. ಎಷ್ಟು ದಪ್ಪ ಇದೆ ಗೊತ್ತಾ, ನಿನ್ನ ಥರಾನೇ."

ಚುಕ್ಕಾಣಿ ಹಿಡಿದಿದ್ದ ಮೆರೆಗೆ ಕನ್ನಡ ಬಾರದು. ಆದರೂ ನಾವಿಬ್ಬರೂ ನಕ್ಕು ಅತ್ತದ್ದನ್ನು ನೋಡಿ ಅವಳೂ ಕಣ್ಣೊರೆಸಿಕೊಂಡಳು.

ಮುಂದಿನ ವಾರ ಸುಮಾ ಹೋಗಿ ನೋಡಿದಾಗ ಕಡ್ಡಿಗಳು ನಿಂತೇ ಇದ್ದವು. ಅಷ್ಟು ದಿನ ಬಾರದಿರುವುದೂ ಉಂಟು ಎಂದು ನನಗೆ ಹೇಳಿದಳು, ತನಗೂ ಹೇಳಿಕೊಂಡಳು. ಅದರ ಮುಂದಿನ ವಾರ ಗಾಳಿ ಎದ್ದು ದೋಣಿಯೇ ಹೊರಡಲಿಲ್ಲ. ನನ್ನ ವಿಮಾನದ ದಿನ ಬಂತು. ಕಡ್ಡಿ ನಿಂತಿದೆ ಎಂಬ ಒಂದೇ ಸುದ್ದಿ ಹೊತ್ತು ನಾನು ಹೊರಟೆ.

ಸರಸ್ವತಿಪುರಂ

ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದ ಹುಡುಗಿಯರು ನಡುಮನೆಯ ತುಂಬ ಇದ್ದರು. ನ್ಯೂಜಿಲೆಂಡಿನ ಕುರಿಗಳು ಹೇಗಿವೆ ಎಂದು ಒಬ್ಬಳು ಕೇಳಿದಳು. ಉತ್ತರ ಕೊಡುವಷ್ಟರಲ್ಲಿ ಫೋನು ಸದ್ದು ಮಾಡಿತು. ಸುಮಾ ಒಂದು ಚಿತ್ರ ಕಳಿಸಿದ್ದಳು. ನಾನು ಬಂದ ಮೇಲೆ ಅವರು ಮರಕ್ಕೆ ಕಟ್ಟಿದ ಕ್ಯಾಮೆರಾ ತಾನೇ ತೆಗೆದದ್ದು. ಕಪ್ಪು ಬಿಳುಪು, ಸ್ವಲ್ಪ ಮಸುಕು.

ಬಿಲದ ಬಾಗಿಲಲ್ಲಿ ಕಡ್ಡಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅವುಗಳ ನಡುವೆ ಒಂದು ಹಕ್ಕಿ ನಿಂತಿತ್ತು. ಮೈಯೆಲ್ಲ ಹೊಸ ಗರಿ, ಕುತ್ತಿಗೆಯಲ್ಲಿ ಮಾತ್ರ ಇನ್ನೂ ಉದುರದ ತುಪ್ಪಟ ಒಂದು ಹಿಡಿ. ಎರಡೂ ರೆಕ್ಕೆ ಬಿಚ್ಚಿ ಸಮುದ್ರದ ಕಡೆ ನೋಡುತ್ತಿತ್ತು. ಜೊತೆಗೆ ತಂಗಿಯ ದನಿ: "ಅಕ್ಕ, ಇದು ಮೊನ್ನೆಯದು. ಇವತ್ತು ಹೋಗಿ ಕೈ ಹಾಕಿ ನೋಡ್ದೆ. ಬಿಲ ಖಾಲಿ. ಹಾರಿ ಹೋಗಿದೆ."

ಹುಡುಗಿಯರು ನೋಡುತ್ತಿರುವಂತೆಯೇ ಬೆರಳ ತುದಿಯಿಂದ ಚಿತ್ರದಲ್ಲಿದ್ದ ಹಕ್ಕಿಯನ್ನು ಮುಟ್ಟಿದೆ. ಫೋನಿನ ಪರದೆಯ ಮೇಲೆ ಅದು ಜರುಗಿ ನನ್ನ ಬೆರಳಿನ ಕೆಳಗೇ ಬಂದು ನಿಂತಿತು. ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ.